ಎಲ್ಲಾ ಗೊತ್ತಿದ್ದೂ ಮೊಣಕಾಲೂರುವುದು

2025ರ ಅಕ್ಟೋಬರ್, ಜಪಸರದ ತಿಂಗಳು. ನಮ್ಮ ಕರಾವಳಿಯ ಒಂದು ಧರ್ಮಕೇಂದ್ರಕ್ಕೆ ಒಂದು ದಿನದ ಧ್ಯಾನಕೂಟ ನಡೆಸಿಕೊಡಲು ಹೋಗಿದ್ದೆವು. ವಿಷಯ ಅವರೇ ಕೊಟ್ಟದ್ದು: ಭರವಸೆ. ಜುಬಿಲಿ ವರ್ಷವಲ್ಲವೇ, ಎಲ್ಲ ಕಡೆಯೂ ಅದೇ ವಿಷಯ. ಇಗರ್ಜಿಯ ಮುಂಬಾಗಿಲ ಮೇಲೆ ‘ಭರವಸೆಯ ಯಾತ್ರಿಕರು’ ಎಂದು ಬರೆದ ಬ್ಯಾನರ್ ಕಟ್ಟಿದ್ದರು. ಒಂದು ಮಳೆಗಾಲ ಪೂರ್ತಿ ನೆನೆದು ಅದರ ಬಣ್ಣ ಮಾಸಿತ್ತು.

ಸಂಜೆಯ ಪೂಜೆ ಮುಗಿದು ಜನ ಮನೆಗೆ ಹೊರಟ ಮೇಲೆ ಒಬ್ಬ ಹಿರಿಯರು ಜಗಲಿಯಲ್ಲಿ ನಮಗಾಗಿ ಕಾಯುತ್ತಿದ್ದರು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ತಮ್ಮ ವಾಳೆಯ ಗುರಿಕಾರರಾಗಿದ್ದವರು. ಸತ್ತವರ ಮನೆಯಲ್ಲಿ ರಾತ್ರಿಯಿಡೀ ಜಪ ಹೇಳಿಸಿದವರು, ಹಬ್ಬದ ಹಿಂದಿನ ದಿನ ಏಣಿ ಹತ್ತಿ ತೋರಣ ಕಟ್ಟಿದವರು. “ಫಾದರ್, ನಿಮ್ಮ ಪ್ರಬೋಧನೆ ಒಳ್ಳೆಯದಿತ್ತು. ಆದರೆ ನನಗೆ ಈಗ ಜಪ ಬಾಯಿಗೆ ಬರುವುದಿಲ್ಲ. ಒಳಗಿನದ್ದೆಲ್ಲ ಗೊತ್ತುಂಟು ನೋಡಿ. ಗೊತ್ತಿಲ್ಲದಾಗ ಎಷ್ಟು ಚಂದ ಇತ್ತು” ಎಂದರು. ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ನಮಗೆ ಸುಲಭವಾಗುತ್ತಿತ್ತು.

ಅವರಿಗೆ ಗೊತ್ತಿದ್ದದ್ದು ಏನು? ಸಭಾಭವನ ಕಟ್ಟಲು ಎತ್ತಿದ ಹಣದ ಲೆಕ್ಕ ಮಹಾಸಭೆಯಲ್ಲಿ ಒಮ್ಮೆಯೂ ಪೂರ್ತಿ ಓದಿ ಹೇಳದಿದ್ದದ್ದು. ಕೇಳಿದವರನ್ನು ‘ಇಗರ್ಜಿಯ ವಿರೋಧಿಗಳು’ ಎಂದು ಕರೆದದ್ದು. ಇನ್ನೂ ಒಂದೆರಡು ಸಂಗತಿಗಳು, ಇಲ್ಲಿ ಬೇಡ. ಹೊರಡುವಾಗ ಅವರು ಮತ್ತೊಂದು ಮಾತನ್ನೂ ಹೇಳಿದರು. ಅದು ನಮಗೇ ತಗುಲಿದ ಮಾತು, ಮುಂದೆ ಹೇಳುತ್ತೇವೆ.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಇಗರ್ಜಿಗೂ ಸಲ್ಲುತ್ತದೆ. ವರ್ಷಕ್ಕೆ ಎರಡು ಸಲ, ಕ್ರಿಸ್ಮಸ್ ಮತ್ತು ಈಸ್ಟರಿಗೆ ಬರುವವರಿಗೆ ಈ ರೋಗ ಅಷ್ಟಾಗಿ ತಟ್ಟುವುದಿಲ್ಲ. ಸಿನಿಕತನ ಮೊದಲು ಹಿಡಿಯುವುದು ಬಲಿಪೀಠಕ್ಕೆ ಹತ್ತಿರ ಇರುವವರನ್ನು: ಪಾಲನಾ ಮಂಡಳಿಯ ಸದಸ್ಯರು, ಗಾಯನ ಮಂಡಳಿಯವರು, ಕ್ರೈಸ್ತ ಶಿಕ್ಷಣ ಕಲಿಸುವವರು, ಧರ್ಮಭಗಿನಿಯರು, ಕೊನೆಗೆ ನಮ್ಮಂಥ ಗುರುಗಳು. ಬಿಟ್ಟುಹೋಗುವವರ ಬಗ್ಗೆ ನಾವು ಸಮೀಕ್ಷೆ ಮಾಡುತ್ತೇವೆ, ವಿಚಾರಗೋಷ್ಠಿ ನಡೆಸುತ್ತೇವೆ. ಬಿಟ್ಟುಹೋಗದೆ ಉಳಿದು, ಒಳಗಿಂದ ಬತ್ತಿಹೋಗುವವರ ಲೆಕ್ಕ ಯಾರ ಬಳಿಯೂ ಇಲ್ಲ. ಅವರು ಪೂಜೆಗೆ ಬರುತ್ತಾರೆ, ಕಾಣಿಕೆ ಹಾಕುತ್ತಾರೆ, ಸಭೆಯಲ್ಲಿ ಕೈ ಎತ್ತುತ್ತಾರೆ. ಯಾರಾದರೂ ಭಕ್ತಿಯ ಮಾತು ಆಡಿದರೆ ಮಾತ್ರ ತುಟಿಯ ಅಂಚಿನಲ್ಲಿ ಒಂದು ನಗು ಕಾಣಿಸುತ್ತದೆ. ಆ ನಗು ನಮಗೂ ಬರುತ್ತದೆ ಎಂದು ಒಪ್ಪಿಕೊಳ್ಳುವುದು ಪ್ರಾಮಾಣಿಕತೆ. ದಿನವೂ ಸುದ್ದಿಯ ಮೇಜಿನ ಮುಂದೆ ಕುಳಿತುಕೊಳ್ಳುವವನು ಬೆಳಗಿನ ಪೂಜೆಯಲ್ಲಿ ಎತ್ತಿ ಹಿಡಿದ ಪಾತ್ರೆಯನ್ನು ಮಧ್ಯಾಹ್ನದ ಹೊತ್ತಿಗೆ ಮರೆತಿರುತ್ತಾನೆ.

ಹೊರಗಿನ ಕಾರಣಗಳು ನಮ್ಮ ಓದುಗರಿಗೆ ಗೊತ್ತಿಲ್ಲದ್ದಲ್ಲ. 2008ರಲ್ಲಿ ಮೊಂತಿ ಹಬ್ಬದ ಹೊಸ ತೆನೆಯನ್ನು ಮನೆಗೆ ತಂದು, ಅಕ್ಕಿ ಸುಲಿದು ಹಾಲಿಗೆ ಹಾಕಿ ಒಟ್ಟಾಗಿ ಉಂಡು ಆರೇ ದಿನವಾಗಿತ್ತು. ಸೆಪ್ಟೆಂಬರ್ 14, ಭಾನುವಾರ, ಪವಿತ್ರ ಶಿಲುಬೆಯ ಹಬ್ಬ. ಮಂಗಳೂರಿನ ಮಿಲಾಗ್ರಿಸ್ ಬಳಿಯ ಕ್ಲಾರ ಭಗಿನಿಯರ ಆರಾಧನಾ ಮಠಕ್ಕೆ ನುಗ್ಗಿದವರು ಶಿಲುಬೆಯ ಪ್ರತಿಮೆಯನ್ನು ಒಡೆದರು, ಪರಮಪ್ರಸಾದದ ಪೆಟ್ಟಿಗೆಯನ್ನು ಹಾಳುಗೆಡವಿದರು. ಲೋಕದ ಗೊಡವೆ ಬಿಟ್ಟು ಹಗಲಿರುಳು ಪ್ರಾರ್ಥನೆಯಲ್ಲೇ ಇರುವ ಭಗಿನಿಯರ ಮನೆ ಅದು. ರಾಜ್ಯದ ಇತರ ಕಡೆಗಳಲ್ಲೂ ಪ್ರಾರ್ಥನಾಲಯಗಳ ಮೇಲೆ ದಾಳಿಗಳಾದವು. ಮರುದಿನ ಪ್ರತಿಭಟನೆಗೆ ಬಂದ ಜನರ ಮೇಲೆ ಲಾಠಿ ಬೀಸಿತು, ಇಗರ್ಜಿಯ ಆವರಣದ ಒಳಗೂ ಬೀಸಿತು. ಪೆಟ್ಟು ತಿಂದವರ ಮೇಲೆಯೇ ಮೊಕದ್ದಮೆಗಳೂ ಬಿದ್ದವು. ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ ರಚನೆಯಾಯಿತು. ನಮ್ಮ ಜನ ಸಾಲುಗಟ್ಟಿ ಹೋಗಿ ಸಾಕ್ಷಿ ಹೇಳಿದರು, ಪ್ರಮಾಣಪತ್ರ ಸಲ್ಲಿಸಿದರು. 2010ರಲ್ಲಿ ಮಧ್ಯಂತರ ವರದಿ ಬಂದಾಗ ಕೊಂಚ ಆಸೆ ಮೂಡಿತ್ತು. 2011ರ ಜನವರಿಯಲ್ಲಿ ಅಂತಿಮ ವರದಿ ಬಂತು: ಸರಕಾರದ್ದಾಗಲಿ, ಆಡಳಿತ ಪಕ್ಷದ್ದಾಗಲಿ, ಸಂಘ ಪರಿವಾರದ ಪ್ರಮುಖ ಸಂಘಟನೆಗಳದ್ದಾಗಲಿ ಇದರಲ್ಲಿ ಪಾತ್ರವಿಲ್ಲ ಎಂದಿತು. ಅಂದು ಸಾಕ್ಷಿ ಹೇಳಲು ಹೋಗಿದ್ದ ಒಬ್ಬ ತಾಯಿ ನಮಗೆ ಕೇಳಿದ್ದು ನೆನಪಿದೆ: “ನಾವು ಹೇಳಿದ್ದನ್ನು ಅವರು ಬರೆದುಕೊಂಡದ್ದಾದರೂ ಹೌದಾ ಫಾದರ್?”

ಅಲ್ಲಿಂದ ಇಲ್ಲಿಯವರೆಗೆ ಇಂಥ ಪಟ್ಟಿ ಉದ್ದವಾಗಿದೆ. ಯೇಸುಸಭೆಯ ಫಾದರ್ ಸ್ಟಾನ್ ಸ್ವಾಮಿ, ಹಿಂದೆ ಹಲವು ವರ್ಷ ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು, 2020ರ ಅಕ್ಟೋಬರ್ 8ರಂದು ರಾಂಚಿಯಲ್ಲಿ ಬಂಧನಕ್ಕೊಳಗಾದಾಗ ಅವರಿಗೆ 83 ವರ್ಷ. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿತ್ತು. ನೀರು ಕುಡಿಯಲು ಸ್ಟ್ರಾ ಇರುವ ಲೋಟ ಕೇಳಿದ್ದಕ್ಕೂ ನ್ಯಾಯಾಲಯದಲ್ಲಿ ವಾರಗಟ್ಟಲೆ ವಿಚಾರಣೆ ನಡೆಯಿತು. 2021ರ ಜುಲೈ 5ರಂದು, ಜಾಮೀನಿನ ಅರ್ಜಿ ಇತ್ಯರ್ಥವಾಗುವ ಮೊದಲೇ, ಮುಂಬಯಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. 2025ರ ಜುಲೈ 25ರಂದು ಛತ್ತೀಸಗಢದ ದುರ್ಗ್ ರೈಲು ನಿಲ್ದಾಣದಲ್ಲಿ ಕೇರಳ ಮೂಲದ ಇಬ್ಬರು ಧರ್ಮಭಗಿನಿಯರು ಮತ್ತು ಒಬ್ಬ ಆದಿವಾಸಿ ಯುವಕನ ಬಂಧನವಾಯಿತು. ಮತಾಂತರ ಮತ್ತು ಮಾನವ ಕಳ್ಳಸಾಗಣೆಯ ಆರೋಪ. ಕೆಲಸಕ್ಕೆಂದು ಜೊತೆಯಲ್ಲಿ ಹೊರಟಿದ್ದ ಯುವತಿಯರ ಮನೆಯವರು ತಾವು ಮೊದಲಿನಿಂದಲೂ ಕ್ರೈಸ್ತರೇ ಎಂದರೂ ಜಾಮೀನು ಸಿಕ್ಕಿದ್ದು ಆಗಸ್ಟ್ 2ರಂದು. ಇಂಥ ಸುದ್ದಿ ಬಂದಾಗಲೆಲ್ಲ ನಾವು ಖಂಡನಾ ಹೇಳಿಕೆ ಪ್ರಕಟಿಸುತ್ತೇವೆ, ಮೇಣದ ಬತ್ತಿ ಹಿಡಿದು ಮೆರವಣಿಗೆ ಹೋಗುತ್ತೇವೆ. ಮನೆಗೆ ಬಂದು ಚಪ್ಪಲಿ ಕಳಚುವಾಗ ಮನಸ್ಸಿನಲ್ಲಿ ಒಂದು ಮಾತು ಬರುತ್ತದೆ: ಇದರಿಂದ ಎಂಥದೂ ಆಗುವುದಿಲ್ಲ.

ಆದರೂ, ಪ್ರಿಯ ಓದುಗರೇ, ನಮ್ಮ ಅನುಭವದಲ್ಲಿ ಹೊರಗಿನ ಪೆಟ್ಟಿನಿಂದ ಭಕ್ತಿ ಕಳೆದುಕೊಂಡವರು ಕಡಿಮೆ. 2008ರ ಆ ವಾರಗಳಲ್ಲಿ ಇಗರ್ಜಿಗಳು ತುಂಬಿ ತುಳುಕಿದ್ದವು. ವರ್ಷಗಟ್ಟಲೆ ಕಾಣದ ಮುಖಗಳನ್ನು ಆಗ ಕಂಡೆವು. ಕ್ಲಾರ ಭಗಿನಿಯರು ಅದೇ ಮಠದಲ್ಲಿ ಆರಾಧನೆಯನ್ನು ಮುಂದುವರಿಸಿದರು, ಇಂದಿಗೂ ಅದು ನಡೆಯುತ್ತಿದೆ. ಆ ಗುರಿಕಾರರೂ 2008ರಲ್ಲಿ ರಾತ್ರಿ ಇಗರ್ಜಿ ಕಾಯಲು ಕುಳಿತವರೇ. ಅವರನ್ನು ಮುರಿದದ್ದು ಒಳಗಿನ ಸಂಗತಿ.

ಒಳಗಿನದ್ದನ್ನು ಹೇಳುವಾಗ ನಮ್ಮಲ್ಲಿ ಸ್ವರ ತಗ್ಗುವುದು ವಾಡಿಕೆ. ತಗ್ಗಿಸದೆ ಹೇಳಲು ಪ್ರಯತ್ನಿಸುತ್ತೇವೆ. ಅಮೆರಿಕದ ಕಾರ್ಡಿನಲ್ ಆಗಿದ್ದ ಥಿಯೊಡೋರ್ ಮೆಕ್ಯಾರಿಕ್ ಅವರನ್ನು 2019ರ ಫೆಬ್ರವರಿಯಲ್ಲಿ ಯಾಜಕತ್ವದಿಂದಲೇ ತೆಗೆದುಹಾಕಲಾಯಿತು. 2020ರ ನವೆಂಬರಿನಲ್ಲಿ ವ್ಯಾಟಿಕನ್ ತಾನೇ ಪ್ರಕಟಿಸಿದ ವರದಿ ನಾನೂರಕ್ಕೂ ಹೆಚ್ಚು ಪುಟಗಳದ್ದು. ಯಾರು ಯಾರಿಗೆ ಯಾವಾಗ ಏನು ಗೊತ್ತಿತ್ತು, ಗೊತ್ತಿದ್ದೂ ಹೇಗೆ ಬಡ್ತಿ ಸಿಗುತ್ತಾ ಹೋಯಿತು ಎಂಬುದು ಅದರಲ್ಲಿದೆ. 2021ರ ಅಕ್ಟೋಬರಿನಲ್ಲಿ ಫ್ರಾನ್ಸಿನ ಸ್ವತಂತ್ರ ಆಯೋಗ, 1950ರಿಂದೀಚೆಗೆ ಅಲ್ಲಿ ಗುರುಗಳು ಮತ್ತು ಧಾರ್ಮಿಕರಿಂದ ಲೈಂಗಿಕ ದೌರ್ಜನ್ಯಕ್ಕೊಳಗಾದ ಮಕ್ಕಳ ಸಂಖ್ಯೆ ಸುಮಾರು 2,16,000 ಎಂದು ಅಂದಾಜಿಸಿತು. ನಮ್ಮ ಪಕ್ಕದ ಕೇರಳದಲ್ಲಿ 2018ರ ಸೆಪ್ಟೆಂಬರಿನಲ್ಲಿ ಐವರು ಧರ್ಮಭಗಿನಿಯರು ತಮ್ಮ ಸಹಭಗಿನಿಗೆ ನ್ಯಾಯ ಬೇಕೆಂದು ಕೊಚ್ಚಿಯ ಹೈಕೋರ್ಟಿನ ಸಮೀಪ ಧರಣಿ ಕುಳಿತರು. ಆರೋಪ ಇದ್ದದ್ದು ಒಬ್ಬ ಧರ್ಮಾಧ್ಯಕ್ಷರ ಮೇಲೆ. 2022ರ ಜನವರಿಯಲ್ಲಿ ಕೋಟ್ಟಯಂ ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿತು, ಅದರ ವಿರುದ್ಧ ಮೇಲ್ಮನವಿ ಹೈಕೋರ್ಟಿಗೆ ಹೋಯಿತು, 2023ರಲ್ಲಿ ಅವರು ಸ್ಥಾನಕ್ಕೆ ರಾಜೀನಾಮೆ ನೀಡಿದರು. ಯಾರು ಸರಿ ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ಆ ಧರಣಿಯ ದಿನಗಳಲ್ಲಿ ಕೆಥೊಲಿಕ್ ಪತ್ರಿಕೆಗಳಲ್ಲಿ ಎಷ್ಟು ಸಾಲು ಬಂತು? ದೇಶದ ಎಲ್ಲ ಟಿ.ವಿ. ವಾಹಿನಿಗಳು ತೋರಿಸುತ್ತಿದ್ದ ಸುದ್ದಿ ನಮ್ಮ ಪುಟಗಳಲ್ಲಿ ಮಾತ್ರ ಇರಲಿಲ್ಲ. ನಾವು ಹಬ್ಬದ ಫೋಟೊಗಳನ್ನು ಹಾಕುತ್ತಿದ್ದೆವು.

ಈಗ ಆ ಗುರಿಕಾರರು ಹೊರಡುವಾಗ ಹೇಳಿದ ಮಾತು. “ನಿಮಗೂ ಒಂದು ಪತ್ರ ಬರೆದಿದ್ದೆ ಫಾದರ್. ಮೂರು ವರ್ಷ ಆಯಿತು. ನೀವು ಹಾಕಲಿಲ್ಲ.”

ನಮಗೆ ನೆನಪಿತ್ತು. ಎರಡು ಪುಟದ ಪತ್ರ, ಚಂದದ ಕೈಬರಹ. ಕೆಟ್ಟ ಶಬ್ದ ಒಂದೂ ಇರಲಿಲ್ಲ. ಸಭಾಭವನದ ಲೆಕ್ಕವನ್ನು ಜನರಿಗೆ ತಿಳಿಸಬೇಕೆಂಬ ವಿನಂತಿ, ಅಷ್ಟೇ. ‘ಇದರಿಂದ ಧರ್ಮಸಭೆಗೆ ಕೆಟ್ಟ ಹೆಸರು ಬರುತ್ತದೆ’ ಎಂದುಕೊಂಡು ಅದನ್ನು ಕಡತದೊಳಗೆ ಇಟ್ಟಿದ್ದೆವು. ಆ ಪತ್ರ ಬರೆದಾಗ ಆ ಮನುಷ್ಯನಲ್ಲಿ ಸಿನಿಕತನ ಇರಲಿಲ್ಲ. ಇದ್ದಿದ್ದರೆ ಬರೆಯುವ ಕಷ್ಟ ಯಾಕೆ ತೆಗೆದುಕೊಳ್ಳುತ್ತಿದ್ದರು? ಯಾರಾದರೂ ಓದುತ್ತಾರೆ, ಓದಿದವರು ಏನಾದರೂ ಮಾಡುತ್ತಾರೆ ಎಂಬ ನಂಬಿಕೆ ಇದ್ದವನು ಮಾತ್ರ ದೂರು ಬರೆಯುತ್ತಾನೆ. ಆ ನಂಬಿಕೆ ಸತ್ತ ಜಾಗದಲ್ಲಿ ಸಿನಿಕತನ ಹುಟ್ಟುತ್ತದೆ. ಅದನ್ನು ಕೊಂದವರಲ್ಲಿ ನಾವೂ ಒಬ್ಬರು.

ಆದುದರಿಂದ ‘ದೋಷ ನೋಡಬೇಡಿ, ಪ್ರಾರ್ಥಿಸಿ’ ಎಂಬ ಉಪದೇಶವನ್ನು ಈ ಅಂಕಣದಲ್ಲಿ ನಾವು ಕೊಡುವುದಿಲ್ಲ. ನಮ್ಮ ಪ್ರವಚನಪೀಠಗಳಿಂದ ಅದನ್ನು ಬೇಕಾದಷ್ಟು ಹೇಳಿ ಆಗಿದೆ, ಫಲ ಕಣ್ಣೆದುರಿಗಿದೆ. ಧರ್ಮಸಭೆಯ ಕಾನೂನು ಸಂಹಿತೆಯೇ ಬೇರೆ ಮಾತು ಹೇಳುತ್ತದೆ. ಅದರ 212ನೆಯ ವಿಧಿಯ ಪ್ರಕಾರ, ಧರ್ಮಸಭೆಯ ಒಳಿತಿಗೆ ಸಂಬಂಧಿಸಿದ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನು ಮೇಲಿನವರಿಗೆ ತಿಳಿಸುವುದು ವಿಶ್ವಾಸಿಗಳ ಹಕ್ಕು, ಕೆಲವೊಮ್ಮೆ ಕರ್ತವ್ಯ ಕೂಡ. 537ನೆಯ ವಿಧಿಯಂತೆ ಪ್ರತಿ ಧರ್ಮಕೇಂದ್ರದಲ್ಲೂ ಆರ್ಥಿಕ ಸಮಿತಿ ಇರಲೇಬೇಕು. 1287ನೆಯ ವಿಧಿ, ವಿಶ್ವಾಸಿಗಳು ಕೊಟ್ಟ ಕಾಣಿಕೆಯ ಲೆಕ್ಕವನ್ನು ವಿಶ್ವಾಸಿಗಳಿಗೆ ಒಪ್ಪಿಸಬೇಕು ಎನ್ನುತ್ತದೆ. 1983ರಿಂದ ಜಾರಿಯಲ್ಲಿರುವ ಸಂಹಿತೆ ಇದು. ಸೆಮಿನರಿಯಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡಿ, ದೀಕ್ಷೆಯಾದ ಮೇಲೆ ಕಪಾಟಿನಲ್ಲಿಟ್ಟವರು ನಾವೇ. ಮಕ್ಕಳ ಮತ್ತು ದುರ್ಬಲರ ರಕ್ಷಣೆಯ ವಿಷಯದಲ್ಲಿ ಜಗದ್ಗುರು ಫ್ರಾನ್ಸಿಸ್ 2019ರ ಮೇ ತಿಂಗಳಲ್ಲಿ ಹೊರಡಿಸಿದ ಆದೇಶ, ದೂರು ಕೊಡಲು ಜನರಿಗೆ ಸುಲಭವಾಗಿ ಸಿಗುವ ವ್ಯವಸ್ಥೆ ಪ್ರತಿ ಧರ್ಮಕ್ಷೇತ್ರದಲ್ಲಿರಬೇಕೆಂದು ವಿಧಿಸಿತು. 2023ರಲ್ಲಿ ಅದು ಶಾಶ್ವತ ಕಾನೂನಾಯಿತು. ನಮ್ಮ ದೇಶದ 2012ರ ಪೋಕ್ಸೊ ಕಾಯ್ದೆಯ ಪ್ರಕಾರ, ಮಗುವಿನ ಮೇಲೆ ದೌರ್ಜನ್ಯ ನಡೆದದ್ದು ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ. ನಿಮ್ಮ ಧರ್ಮಕೇಂದ್ರದ ಸೂಚನಾ ಫಲಕದಲ್ಲಿ ಪೂಜೆಯ ಸಮಯ, ಮದುವೆಯ ಚೀಟಿ, ಹೌಸಿ ಹೌಸಿಯ ಬಹುಮಾನಗಳ ಪಟ್ಟಿ ಇರುತ್ತದೆ. ದೂರು ಯಾರಿಗೆ ಕೊಡಬೇಕು ಎಂಬ ಒಂದು ಕಾಗದ ಇದೆಯೇ, ಮುಂದಿನ ಭಾನುವಾರ ನೋಡಿ ಬನ್ನಿ.

ಇಷ್ಟೆಲ್ಲ ಆದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಲೆಕ್ಕ ಸರಿಯಾಗುವವರೆಗೆ ಜಪ ನಿಲ್ಲಿಸಬೇಕೇ?

ಕೆನರಾದ ನಮ್ಮ ಪೂರ್ವಜರಿಗೂ ಈ ಪ್ರಶ್ನೆ ಎದುರಾಗಿತ್ತು. 1681ರಲ್ಲಿ ಗೋವಾದಿಂದ ಫಾದರ್ ಜೋಸೆಫ್ ವಾಜ್ ಇಲ್ಲಿಗೆ ಬಂದಾಗ ಅವರಿಗೆ ಬರೇ ಮೂವತ್ತು ವರ್ಷ. ಇಲ್ಲಿನ ಸ್ಥಿತಿ ಹೇಗಿತ್ತೆಂದರೆ, ಪೋರ್ಚುಗೀಸ್ ರಾಜರ ಪಾದ್ರುವಾದೊ ಅಧಿಕಾರ ಒಂದು ಕಡೆ, ರೋಮ್ ನಗರದ ಪ್ರೊಪಗಾಂಡ ನೇಮಿಸಿದ ಬಿಷಪ್ ತೋಮಸ್ ದೆ ಕಾಸ್ತ್ರೊ ಇನ್ನೊಂದು ಕಡೆ. ಯಾರ ಮಾತು ಕೇಳಬೇಕು, ಯಾರಿಂದ ಸಂಸ್ಕಾರ ಪಡೆದರೆ ಸರಿ ಎಂಬುದೇ ಜನರಿಗೆ ತಿಳಿಯದು. ಗುರುಗಳು ಗುರುಗಳೊಡನೆ ಮಾತು ಬಿಟ್ಟಿದ್ದರು. ಇಂದಿನ ಯಾವ ಧರ್ಮಕೇಂದ್ರದ ಜಗಳವೂ ಅದಕ್ಕೆ ಸಮನಲ್ಲ. ವಾಜ್ ಅವರು ಆ ತಗಾದೆಯಲ್ಲಿ ಮೇಲಧಿಕಾರಿಗಳ ನಡುವೆ ರಾಜಿಗಾಗಿ ಪತ್ರ ಬರೆಯುತ್ತಲೇ ಇದ್ದರು, ಕಾಲ್ನಡಿಗೆಯಲ್ಲಿ ಹಳ್ಳಿಗಳಿಗೆ ಹೋಗಿ ಪೂಜೆಯನ್ನೂ ಅರ್ಪಿಸುತ್ತಿದ್ದರು. ಎರಡನ್ನೂ ಒಟ್ಟಿಗೆ ಮಾಡಿದರು. ಮುಡಿಪುವಿನ ಗುಡ್ಡ ಹತ್ತುವ ನಮ್ಮಲ್ಲಿ ಎಷ್ಟು ಮಂದಿಗೆ ಆ ಜಗಳದ ಕಥೆ ಗೊತ್ತಿದೆಯೋ ತಿಳಿಯದು. ಸಂತರ ಜೀವನಚರಿತ್ರೆಯಿಂದ ಜಗಳವನ್ನು ತೆಗೆದು ಪವಾಡವನ್ನು ಮಾತ್ರ ಉಳಿಸುವುದು ನಮ್ಮ ಕೆಟ್ಟ ಅಭ್ಯಾಸ.

ಅಲ್ಲಿಂದ ಅವರು 1687ರಲ್ಲಿ ಶ್ರೀಲಂಕಾಕ್ಕೆ ಹೋದರು. ಡಚ್ಚರು 1658ರಲ್ಲಿ ಜಾಫ್ನಾ ಹಿಡಿದು ಕೆಥೊಲಿಕ್ ಗುರುಗಳನ್ನು ಹೊರಹಾಕಿ ಸುಮಾರು ಮೂವತ್ತು ವರ್ಷವಾಗಿತ್ತು. ಕೂಲಿಯಾಳಿನ ವೇಷದಲ್ಲಿ ಇಳಿದ ವಾಜ್, ಕೊರಳಿಗೆ ಜಪಸರ ಹಾಕಿಕೊಂಡು ಭಿಕ್ಷೆ ಬೇಡುತ್ತಾ ಮನೆಮನೆ ತಿರುಗಿದರು. ಆ ಜಪಸರವನ್ನು ನೋಡಿ ಕಣ್ಣರಳಿಸಿದ ಮನೆಯೇ ವಿಶ್ವಾಸಿಗಳ ಮನೆ ಎಂದು ಗುರುತು ಹಿಡಿದರಂತೆ. ಮೂವತ್ತು ವರ್ಷ ಪೂಜೆಯಿಲ್ಲದೆ, ಗುರುವಿಲ್ಲದೆ, ಅಡಗಿಸಿಟ್ಟ ಪ್ರಾರ್ಥನೆಯೊಂದರಿಂದಲೇ ಉಳಿದುಕೊಂಡ ಜನ ಅವರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ವಾಜ್ ಅವರನ್ನು ಸಂತರೆಂದು ಘೋಷಿಸಿದರು.

ಅದೇ ದ್ವೀಪದಲ್ಲಿ ನಾಲ್ಕು ವರ್ಷಗಳ ನಂತರ, 2019ರ ಏಪ್ರಿಲ್ 21ರಂದು, ಪುನರುತ್ಥಾನದ ಭಾನುವಾರದ ಪೂಜೆಯ ಹೊತ್ತಿಗೆ ಕೊಲಂಬೊದ ಕೊಚ್ಚಿಕಡೆ ಸಂತ ಅಂತೋಣಿಯವರ ದೇವಾಲಯ, ನೆಗೊಂಬೊ ಬಳಿಯ ಸಂತ ಸೆಬಾಸ್ಟಿಯನ್ ದೇವಾಲಯ, ಬಟ್ಟಿಕಲೋವಾದ ಒಂದು ಪ್ರಾರ್ಥನಾಲಯ ಮತ್ತು ಹೊಟೇಲುಗಳಲ್ಲಿ ಬಾಂಬುಗಳು ಸಿಡಿದವು. ಸತ್ತವರು 260ಕ್ಕೂ ಹೆಚ್ಚು. ದಾಳಿ ನಡೆಯಲಿದೆ ಎಂಬ ಮುನ್ಸೂಚನೆ ಸರಕಾರಕ್ಕೆ ಮೊದಲೇ ಬಂದಿತ್ತೆಂಬುದು ಆಮೇಲೆ ಹೊರಬಿತ್ತು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕೇ, ದೇವರೂ ಬೇಡ ಸರಕಾರವೂ ಬೇಡ ಎನ್ನಲು? ಜೂನ್ ತಿಂಗಳಲ್ಲೇ, ಸಂತ ಅಂತೋಣಿಯವರ ಹಬ್ಬಕ್ಕೆ, ಕೊಚ್ಚಿಕಡೆಯ ದೇವಾಲಯ ದುರಸ್ತಿಯಾಗಿ ಬಾಗಿಲು ತೆರೆಯಿತು. ಜನ ಬಂದು ಮೊಣಕಾಲೂರಿದರು. ಅದೇ ಜನ ನ್ಯಾಯಾಲಯಕ್ಕೂ ಹೋದರು. ಕೊಲಂಬೊದ ಕಾರ್ಡಿನಲ್ ಮಾಲ್ಕಂ ರಂಜಿತ್ ವರ್ಷ ವರ್ಷವೂ ‘ಸತ್ಯ ಹೇಳಿ’ ಎಂದು ಒಂದಾದ ಮೇಲೊಂದು ಸರಕಾರವನ್ನು ಕೇಳುತ್ತಾ ಬಂದರು. 2023ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ದಾಳಿ ತಡೆಯಲು ತಪ್ಪಿದ್ದಕ್ಕಾಗಿ ಮಾಜಿ ರಾಷ್ಟ್ರಾಧ್ಯಕ್ಷ ಮೈತ್ರಿಪಾಲ ಸಿರಿಸೇನ ತಮ್ಮ ಸ್ವಂತ ಹಣದಿಂದ 10 ಕೋಟಿ ಶ್ರೀಲಂಕಾ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ಸತ್ಯವೆಲ್ಲ ಹೊರಬಂತೆಂದು ಅಲ್ಲಿನವರು ಇಂದಿಗೂ ಒಪ್ಪುವುದಿಲ್ಲ. ಬೇಡಿಕೆಯನ್ನೂ ಬಿಟ್ಟಿಲ್ಲ, ನೊವೆನಾವನ್ನೂ ಬಿಟ್ಟಿಲ್ಲ.

ಪವಿತ್ರ ಗ್ರಂಥದಲ್ಲಿರುವ 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ದೂರುಗಳೇ. ದೇವರೇ ನಿದ್ದೆ ಮಾಡುತ್ತಿದ್ದೀಯಾ, ಎಷ್ಟು ಕಾಲ, ಯಾಕೆ ಮುಖ ಮರೆಸಿದೆ ಎಂಬ ಧಾಟಿ. ನಮ್ಮ ಭಜನಾ ಪುಸ್ತಕಗಳಲ್ಲಿ ಇಂಥ ಹಾಡು ಹುಡುಕಿದರೆ ಒಂದೆರಡು ಸಿಕ್ಕೀತು. ಸ್ತುತಿ, ಸ್ತೋತ್ರ, ಕೃತಜ್ಞತೆಗೆ ಕೊರತೆಯಿಲ್ಲ. ದೇವರ ಎದುರು ಜಗಳ ಆಡಲು ಕಲಿಸದೆ ಇದ್ದರೆ ಜನ ಆ ಜಗಳವನ್ನು ಇಗರ್ಜಿಯ ಹೊರಗಿನ ಮಾವಿನ ಮರದ ಕೆಳಗೆ ಆಡುತ್ತಾರೆ, ಆಡಿ ಆಡಿ ಕೊನೆಗೆ ನಗುತ್ತಾರೆ. ಸಂತ ತೋಮಸರನ್ನು ‘ಸಂಶಯದ ತೋಮಸ’ ಎಂದು ಕರೆದು ಬಿಡುವ ನಾವು ಒಂದು ವಿವರವನ್ನು ಮರೆಯುತ್ತೇವೆ: ನಂಬುವುದಿಲ್ಲ ಎಂದ ಮೇಲೂ ಎಂಟನೆಯ ದಿನ ಅವರು ಉಳಿದವರ ಜೊತೆ ಅದೇ ಕೋಣೆಯಲ್ಲಿದ್ದರು. ನಂಬಿಕೆ ಮರಳುವ ಮೊದಲೇ ಕೋಣೆಗೆ ಮರಳಿದ್ದರು.

ಜಪ ಬಾಯಿಗೆ ಬರುವುದಿಲ್ಲ ಎನ್ನುವವರಿಗೆ ಒಣ ಪ್ರಾರ್ಥನೆಯೂ ಪ್ರಾರ್ಥನೆಯೇ ಎಂದು ಯಾರೂ ಹೇಳಿರುವುದಿಲ್ಲ. ಮದರ್ ತೆರೆಸಾ ತೀರಿಕೊಂಡು ಹತ್ತು ವರ್ಷಗಳ ಬಳಿಕ, 2007ರಲ್ಲಿ, ಅವರ ಖಾಸಗಿ ಪತ್ರಗಳು ಪುಸ್ತಕವಾಗಿ ಬಂದಾಗ ಜಗತ್ತು ಬೆರಗಾಯಿತು. ಸುಮಾರು ಐವತ್ತು ವರ್ಷ ಅವರು ಒಳಗೆ ದೇವರ ಸಾನ್ನಿಧ್ಯದ ಅನುಭವವೇ ಇಲ್ಲದೆ, ಕತ್ತಲೆಯಲ್ಲಿ ಬದುಕಿದ್ದರು. ಆಗ ಕೆಲವು ಪತ್ರಿಕೆಗಳು ‘ನೋಡಿ, ಇವರದ್ದೂ ನಾಟಕ’ ಎಂದವು. ಸಿನಿಕನಿಗೆ ಹಾಗೆಯೇ ಕಾಣುತ್ತದೆ. ಕತ್ತಲೆಯಲ್ಲೂ ದಿನವೂ ಬೆಳಿಗ್ಗೆ ಎದ್ದು ಆರಾಧನೆಗೆ ಕುಳಿತು, ಆಮೇಲೆ ಕೋಲ್ಕತಾದ ಗಟಾರದ ಬದಿಗೆ ಹೋದವರು ಅವರು. 2016ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಸಾರಿದ್ದು ಈ ಪತ್ರಗಳನ್ನು ಓದಿದ ಮೇಲೆಯೇ. ಲಿಸ್ಯೂ ನಗರದ ಪುಟ್ಟ ತೆರೇಸಮ್ಮನವರೂ 1897ರಲ್ಲಿ, 24ನೆಯ ವಯಸ್ಸಿನಲ್ಲಿ ಸಾಯುವ ಮೊದಲು ಕೊನೆಯ ಸುಮಾರು ಒಂದೂವರೆ ವರ್ಷ ಇಂಥದ್ದೇ ಇರುಳನ್ನು ಹಾದುಹೋದರು.

ಜುಬಿಲಿ ವರ್ಷ 2026ರ ಜನವರಿ 6ರಂದು ಮುಗಿಯಿತು. ಅದನ್ನು ತೆರೆದ ಜಗದ್ಗುರು ಫ್ರಾನ್ಸಿಸ್ 2025ರ ಏಪ್ರಿಲ್ 21ರಂದು ನಮ್ಮನ್ನಗಲಿದರು, ಪವಿತ್ರ ದ್ವಾರವನ್ನು ಮುಚ್ಚಿದವರು ಜಗದ್ಗುರು ಹದಿನಾಲ್ಕನೆಯ ಲಿಯೊ. ನಮ್ಮ ಧರ್ಮಕೇಂದ್ರಗಳ ಬ್ಯಾನರುಗಳನ್ನು ಬಿಚ್ಚಿ ಆಗಿದೆ. ಕೆಲವನ್ನು ತೆಂಗಿನಕಾಯಿ ಒಣಗಿಸಲು ಹಾಸಿದ್ದನ್ನೂ ಕಂಡೆವು, ಅದರಲ್ಲಿ ತಪ್ಪೇನಿಲ್ಲ.

ಹೊಸ ವರ್ಷದ ಮೊದಲ ವಾರಗಳಲ್ಲಿ ಹಳೆಯ ಕಡತ ತೆರೆದು ಆ ಪತ್ರವನ್ನು ಹುಡುಕಿದೆವು. ಸಿಕ್ಕಿತು. ಗುರಿಕಾರರಿಗೆ ಫೋನ್ ಮಾಡಿ, ಈಗ ಪ್ರಕಟಿಸಬಹುದೇ, ಹೆಸರು ಬಿಡಬೇಕೇ ಎಂದು ಕೇಳಿದೆವು. “ಹೆಸರು ಹಾಕಿ ಫಾದರ್. ನಾನು ಕದ್ದು ಬರೆದದ್ದಲ್ಲವಲ್ಲ” ಎಂದರು. ಮುಂದಿನ ವಾರ ಅದು ಇಲ್ಲೇ ಬರಲಿದೆ, ಮೂರು ವರ್ಷ ತಡವಾಗಿ. ಉತ್ತರ ಬರೆದುಕೊಡುವಂತೆ ಸಂಬಂಧಪಟ್ಟವರನ್ನು ಕೇಳಿಕೊಂಡಿದ್ದೇವೆ. ಇದನ್ನು ಬರೆಯುವ ಹೊತ್ತಿಗೆ ಬಂದಿಲ್ಲ, ಬಂದರೆ ಅದನ್ನೂ ಪ್ರಕಟಿಸುತ್ತೇವೆ.

ಫೋನ್ ಇಡುವ ಮೊದಲು, ಜಪಕ್ಕೆ ಹೋಗುತ್ತಿದ್ದೀರಾ ಎಂದು ಕೇಳಿದೆವು. ಸ್ವಲ್ಪ ಹೊತ್ತು ಮಾತಿಲ್ಲ.

“ಹೋಗುತ್ತೇನೆ. ಕೊನೆಯ ಬೆಂಚಿನಲ್ಲಿ ಕುಳಿತುಕೊಳ್ಳುತ್ತೇನೆ. ಐದು ರಹಸ್ಯ ಆಗುವುದಿಲ್ಲ ಫಾದರ್, ಎರಡು ಆಗುತ್ತದೆ. ಮತ್ತೆ ಎದ್ದು ಬರುತ್ತೇನೆ.”